ಹಾರದ ಅಭಿಮಾನ, ಹೊರೆಯ ಅಭಿಮಾನ

(ಬಂಡೂರಿನ ಭಕ್ತರ ಸಭೆಯಲ್ಲಿ ದಯಪಾಲಿಸಿದ ಆಶೀರ್ವಚನ)



ಇಂದು ನಾವು ಒಂದು ಆಟದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಬಂದಿದ್ದೇವೆ. ಆ ಆಟದ ಹೆಸರು ಗಾಲ್ಫ್. ಹೆಸರು ಕೇಳಿದ ಕೂಡಲೆ ಹಿಂದೆ ಕುಳಿತಿರತಕ್ಕ ಯಜಮಾನರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದಾರೆ. ರಾಗಿ, ಭತ್ತ, ಕಬ್ಬು ಬೆಳೆದುಕೊಂಡು, ಕುರಿ ಸಾಕಿಕೊಂಡು ಇರುವ ಬಂಡೂರಿಗೂ, ಸಾಹುಕಾರರು ಟೋಪಿ ಹಾಕಿಕೊಂಡು ಆಡುವ ಆ ಆಟಕ್ಕೂ ಏನು ನಂಟು, ಬುದ್ಧಿಯವರಿಗೆ ಇವತ್ತು ಬೇರೆ ವಿಷಯವೇ ದೊರಕಲಿಲ್ಲವೆ ಎಂಬುದು ಅವರ ಮುಖದಲ್ಲಿ ಬರೆದಂತಿದೆ. ನಂಟು ಇದೆ. ಅದು ಕುರಿಯಿಂದಲೇ ಬಂದ ನಂಟು.

ಇಂಗ್ಲೆಂಡಿನ ಉತ್ತರಕ್ಕೆ ಸ್ಕಾಟ್ಲೆಂಡ್ ಎಂಬ ನಾಡು. ಅಲ್ಲಿ ಸಮುದ್ರದ ದಡಕ್ಕೂ ಬೇಸಾಯದ ಹೊಲಕ್ಕೂ ನಡುವೆ ಬರೀ ಮರಳು ಬೆರೆತ ನೆಲ. ಉಳುವುದಕ್ಕೆ ಬಾರದು, ಬಿತ್ತುವುದಕ್ಕೆ ಬಾರದು. ಆದುದರಿಂದ ಅದನ್ನು ಕುರಿಗೆ ಬಿಟ್ಟಿದ್ದರು. ಕುರಿ ಮೇದ ನೆಲದ ಹುಲ್ಲು ಹೇಗಿರುತ್ತದೆ ಎಂಬುದನ್ನು ನಿಮಗೆ ನಾವು ಹೇಳಬೇಕಾಗಿಲ್ಲ. ಬುಡಕ್ಕೇ ಬಾಯಿ ಹಾಕಿ ಕ್ಷೌರ ಮಾಡಿದ ಹಾಗೆ ಮೇಯುವ ಪ್ರಾಣಿ ಅದು. ಆ ನುಣುಪಾದ ಹುಲ್ಲಿನ ಮೇಲೆ, ಕುರಿ ಕಾಯುವ ಹುಡುಗರು ಹೊತ್ತು ಕಳೆಯುವುದಕ್ಕಾಗಿ ಕೈಯ ಕೋಲಿನಿಂದ ಕಲ್ಲು ಹೊಡೆದು ಬಿಲಕ್ಕೆ ಬೀಳಿಸುತ್ತಿದ್ದರು, ಅದೇ ಬೆಳೆದು ಗಾಲ್ಫ್ ಆಯಿತು ಎಂದು ಅಲ್ಲಿನ ಜನ ಕಥೆ ಹೇಳುತ್ತಾರೆ. ಕಥೆ ಕಥೆಯಾಗಿಯೇ ಇರಲಿ. ದಾಖಲೆ ಇರತಕ್ಕ ಸಂಗತಿ ಇನ್ನೂ ಸ್ವಾರಸ್ಯವಾಗಿದೆ. 1457ನೆಯ ಇಸವಿಯಲ್ಲಿ ಆ ನಾಡಿನ ಪಾರ್ಲಿಮೆಂಟು, ಯಾರೂ ಗಾಲ್ಫ್ ಆಡಕೂಡದು ಎಂದು ಕಟ್ಟಳೆ ಮಾಡಿತು. ಏಕೆಂದರೆ ಹುಡುಗರೆಲ್ಲ ಬಿಲ್ಲು ಬಾಣದ ಅಭ್ಯಾಸ ಬಿಟ್ಟು ಈ ಆಟಕ್ಕೆ ಬಿದ್ದಿದ್ದರು; ನಾಳೆ ಯುದ್ಧ ಬಂದರೆ ದೇಶ ಕಾಯುವವರು ಯಾರು ಎಂಬ ಚಿಂತೆ ರಾಜನಿಗೆ. ದೇಶದ ಹಿತಕ್ಕೆ ವಿರೋಧವೆಂದು ಒಂದು ಕಾಲದಲ್ಲಿ ನಿಷೇಧಿಸಿದ ಆಟ ಅದು. ಇಂದು ಅದೇ ಆಟದಲ್ಲಿ ಗೆದ್ದವರಿಗೆ ದೇಶದ ಬಾವುಟ ಹೊದಿಸುತ್ತಾರೆ. ಅಭಿಮಾನವೆಂಬುದು ಕಾಲಕಾಲಕ್ಕೆ ಹೇಗೆ ಬಟ್ಟೆ ಬದಲಾಯಿಸುತ್ತದೆ ನೋಡಿ.

ಆಟದ ರೀತಿ ಬಹಳ ಸರಳ. ಗೋಲಿ ಆಡಿದ ಮಕ್ಕಳಿಗೆ ಒಂದು ನಿಮಿಷದಲ್ಲಿ ತಿಳಿಯುತ್ತದೆ. ನಿಂಬೆಹಣ್ಣಿನಷ್ಟು ದೊಡ್ಡದಾದ ಒಂದು ಚೆಂಡು, ಎಲ್ಲೋ ಮುನ್ನೂರು ನಾನೂರು ಗಜದಾಚೆ ಒಂದು ಗುಳಿ. ಕೋಲಿನಿಂದ ಹೊಡೆದು ಹೊಡೆದು ಚೆಂಡನ್ನು ಗುಳಿಗೆ ಬೀಳಿಸಬೇಕು. ಇಂತಹ ಹದಿನೆಂಟು ಗುಳಿಗಳು. ಯಾರು ಎಲ್ಲರಿಗಿಂತ ಕಡಿಮೆ ಹೊಡೆತದಲ್ಲಿ ಮುಗಿಸುತ್ತಾರೋ ಅವರು ಗೆದ್ದರು. ಗುಳಿಯ ಅಗಲ ನೂರೆಂಟು ಮಿಲಿಮೀಟರು. ನೂರೆಂಟು ಎಂದೊಡನೆ ನಮ್ಮ ಕಿವಿಯೂ ನೆಟ್ಟಗಾಯಿತು. ಆದರೆ ಅದು ನಾಲ್ಕೂಕಾಲು ಇಂಚಿನ ಲೆಕ್ಕವೇ ಹೊರತು ಜಪಮಾಲೆಯ ಲೆಕ್ಕವಲ್ಲ.

ಈ ಆಟದಲ್ಲಿ ನಮ್ಮ ಮನಸ್ಸಿಗೆ ಹಿಡಿಸಿದ ಒಂದು ವಿಶೇಷವಿದೆ. ಪ್ರತಿ ಹೊಡೆತವನ್ನೂ ಎಣಿಸಲು ಪಕ್ಕದಲ್ಲಿ ಅಂಪೈರ್ ನಿಂತಿರುವುದಿಲ್ಲ. ಜೊತೆಗೆ ಆಡುವವರು ಕಾಗದದಲ್ಲಿ ಗುರುತು ಹಾಕುತ್ತಾರೆ, ಆಟಗಾರನು ಅದನ್ನು ನೋಡಿ ಸರಿ ಎಂದು ರುಜು ಹಾಕಬೇಕು. ಇದ್ದುದಕ್ಕಿಂತ ಕಡಿಮೆ ಬರೆದ ಕಾಗದಕ್ಕೆ ರುಜು ಹಾಕಿದರೆ ಆಟದಿಂದಲೇ ಹೊರಕ್ಕೆ. 1925ರಲ್ಲಿ ಅಮೆರಿಕದ ದೊಡ್ಡ ಪಂದ್ಯದಲ್ಲಿ ಬಾಬಿ ಜೋನ್ಸ್ ಎಂಬ ಆಟಗಾರ ಹುಲ್ಲಿನ ನಡುವೆ ತನ್ನ ಚೆಂಡು ಒಂದಿಷ್ಟು ಅಲುಗಿತು ಎಂದು ತಾನಾಗಿಯೇ ಹೇಳಿ ಒಂದು ಹೊಡೆತದ ದಂಡ ಹಾಕಿಕೊಂಡ. ಬೇರೆ ಯಾರೂ ನೋಡಿರಲಿಲ್ಲ. ಕೊನೆಯಲ್ಲಿ ಅವನೂ ಇನ್ನೊಬ್ಬನೂ ಸಮನಾದರು. ಮತ್ತೆ ಆಡಿಸಿದಾಗ ಜೋನ್ಸ್ ಸೋತ. ಆ ಒಂದು ಹೊಡೆತವನ್ನು ಬಾಯಿ ಬಿಡದೆ ನುಂಗಿಕೊಂಡಿದ್ದರೆ ಆ ವರ್ಷದ ಪ್ರಶಸ್ತಿ ಅವನದೇ ಆಗುತ್ತಿತ್ತು. ಒಂದು ಹೊಡೆತ ಎಂಬ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಅದು ಮುಂದೆ ಬರುತ್ತದೆ.

ನಮ್ಮ ನಾಡಿಗೆ ಈ ಆಟವನ್ನು ತಂದವರು ಇಂಗ್ಲಿಷರು. ಬೆಂಗಳೂರಿನ ಗಾಲ್ಫ್ ಕ್ಲಬ್ಬು 1876ರಷ್ಟು ಹಳೆಯದು. ಮೈಸೂರಿನಲ್ಲಿ ಚಾಮುಂಡಿಬೆಟ್ಟದ ತಪ್ಪಲಲ್ಲಿ ಜಯಚಾಮರಾಜ ಒಡೆಯರ ಹೆಸರಿನ ಮೈದಾನವಿದೆ. ಅಲ್ಲಿಂದ ಬಂದ ಪ್ರಣವಿ ಅರಸ್ ದೇಶಕ್ಕಾಗಿ ಆಡಿದ್ದಾಳೆ. ಬೆಂಗಳೂರಿನಲ್ಲಿ ಹಳೆಯ ವಿಮಾನ ನಿಲ್ದಾಣದ ಬಳಿ ಇನ್ನೊಂದು ದೊಡ್ಡ ಮೈದಾನವಿದೆ. ಅದು ಇರುವ ಜಾಗ ಮೊದಲು ಚಲ್ಲಘಟ್ಟದ ಕೆರೆ. ಕೆರೆ ಹೋಗಿ ಹುಲ್ಲುಹಾಸಾಯಿತು ಎಂದರೆ ನಾಲೆಯ ಕಡೆಯ ಭಾಗದಲ್ಲಿ ನೀರಿಗೆ ಕಾದು ಕುಳಿತುಕೊಳ್ಳುವ ಮಳವಳ್ಳಿ ಸೀಮೆಯ ರೈತನ ಎದೆ ಚುರುಕ್ಕೆನ್ನುವುದು ಸಹಜ. ಅದನ್ನು ಮುಚ್ಚಿಟ್ಟು ಮಾತನಾಡುವುದು ನಮಗೆ ಬೇಕಿಲ್ಲ. ನೆಲವೂ ನೀರೂ ಹಣವೂ ಬಹಳ ಬೇಡುವ ಆಟ ಇದು. ಆದರೆ ಅದೇ ಮೈದಾನದ ಮಗ್ಗುಲಲ್ಲಿ ಒಂದು ಮಗು ಹುಟ್ಟುಹಾಕಿದ ಸಂಗತಿಯನ್ನು ಈಗ ಹೇಳುತ್ತೇವೆ.

ಆ ಮಗುವಿನ ಹೆಸರು ಅದಿತಿ ಅಶೋಕ್. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವಳು. ತಂದೆ ತಾಯಿಗೆ ಗಾಲ್ಫಿನ ಗಂಧವೂ ಇರಲಿಲ್ಲ. ಆ ಮೈದಾನದ ಅಭ್ಯಾಸದ ಜಾಗ ಕಾಣುವ ಒಂದು ಹೋಟೆಲಿಗೆ ಮಗುವನ್ನು ಕರೆದುಕೊಂಡು ಬೆಳಗಿನ ತಿಂಡಿಗೆ ಹೋಗುತ್ತಿದ್ದರು. ಐದು ವರ್ಷದ ಮಗು, ಅಲ್ಲಿ ಚೆಂಡು ಹೊಡೆಯುವುದನ್ನು ನೋಡಿ, ನಾನೂ ಹೊಡೆಯುತ್ತೇನೆ ಎಂದಿತು. ಇಂಥ ಹೊತ್ತಿನಲ್ಲಿ ನಾವು ಸಾಮಾನ್ಯವಾಗಿ ಮಕ್ಕಳಿಗೆ ಏನು ಹೇಳುತ್ತೇವೆ? ಸುಮ್ಮನೆ ತಿಂಡಿ ತಿನ್ನು, ತಡವಾಯಿತು ಎನ್ನುತ್ತೇವೆ. ಆ ತಂದೆ ತಾಯಿ ಮಗಳ ಕೈಗೆ ಕೋಲು ಕೊಡಿಸಿದರು, ತಾವೂ ಕಲಿತರು.

2016ರಲ್ಲಿ ಬ್ರೆಜಿಲ್ ದೇಶದ ರಿಯೊ ನಗರದಲ್ಲಿ ಒಲಿಂಪಿಕ್ ನಡೆಯಿತು. ನೂರಹನ್ನೆರಡು ವರ್ಷಗಳ ಮೇಲೆ ಗಾಲ್ಫನ್ನು ಮತ್ತೆ ಒಲಿಂಪಿಕ್ಕಿಗೆ ಸೇರಿಸಿದ್ದರು. ಹದಿನೆಂಟು ವರ್ಷದ ಅದಿತಿ ಅಲ್ಲಿ ನಲವತ್ತೊಂದನೆಯವಳಾದಳು. ಈ ಆಟದಲ್ಲಿ ಒಂದು ಪದ್ಧತಿಯಿದೆ. ಆಟಗಾರನಿಗೆ ಹದಿನಾಲ್ಕು ಕೋಲುಗಳವರೆಗೆ ಇಟ್ಟುಕೊಳ್ಳಲು ಅವಕಾಶವಿದೆ. ಅವುಗಳನ್ನು ತುಂಬಿದ ಚೀಲವನ್ನು ಹೆಗಲಿಗೆ ಹಾಕಿಕೊಂಡು ಮೈಲಿಗಟ್ಟಲೆ ಹಿಂದೆ ನಡೆಯುವುದಕ್ಕೆ ಒಬ್ಬ ಬೇಕು. ಅವನನ್ನು ಕ್ಯಾಡಿ ಎನ್ನುತ್ತಾರೆ. ಬಿಸಿಲಾಗಲಿ ಮಳೆಯಾಗಲಿ ಅವನು ಜೊತೆಗಿರಬೇಕು, ಕೇಳಿದ ಕೋಲು ಕೊಡಬೇಕು, ಚೆಂಡು ಒರೆಸಬೇಕು, ಮನಸ್ಸು ಕುಗ್ಗಿದಾಗ ಒಂದು ಮಾತು ಹೇಳಬೇಕು. ಹೊಡೆತ ಮಾತ್ರ ಅವನದಲ್ಲ. ರಿಯೊದಲ್ಲಿ ಆ ಚೀಲವನ್ನು ಹೊತ್ತವರು ಯಾರು? ಮಗಳ ತಂದೆ. ಐದು ವರ್ಷದ ಮೇಲೆ ಟೋಕಿಯೊದಲ್ಲಿ ಹೊತ್ತವರು? ತಾಯಿ ಮಹೇಶ್ವರಿ.

ಟೋಕಿಯೊ ಒಲಿಂಪಿಕ್ ಕೊರೋನದ ಕಾರಣ ಒಂದು ವರ್ಷ ಮುಂದಕ್ಕೆ ಹೋಗಿ 2021ರಲ್ಲಿ ನಡೆದದ್ದು ತಮಗೆಲ್ಲ ನೆನಪಿದೆ. ಅದಿತಿಗೂ ಆ ವರ್ಷ ಕೊರೋನ ಬಂದು ಹೋಗಿತ್ತು, ಮೈಯಲ್ಲಿ ಕಸುವಿರಲಿಲ್ಲ. ಮೊದಲೇ ಈ ಮಗಳು ಬಹು ದೂರ ಹೊಡೆಯುವವಳಲ್ಲ. ಬೇರೆಯವರ ಮೊದಲ ಹೊಡೆತ ಇವಳದಕ್ಕಿಂತ ಎಷ್ಟೋ ಗಜ ಮುಂದೆ ಹೋಗಿ ಬೀಳುತ್ತಿತ್ತು. ಆಗ ಪ್ರಪಂಚದ ಆಟಗಾರ್ತಿಯರ ಪಟ್ಟಿಯಲ್ಲಿ ಇವಳ ಸ್ಥಾನ ಇನ್ನೂರನೆಯದು. ಆದರೆ ಗುಳಿಯ ಹತ್ತಿರ ಬಂದು ನಿಂತಳೆಂದರೆ ಅಲ್ಲಿ ಇವಳ ಕೈ ಬೇರೆ. ಹುಲ್ಲಿನ ಇಳಿಜಾರು ನೋಡಿ, ಅಂದಾಜು ಮಾಡಿ, ಮೆಲ್ಲಗೆ ತಟ್ಟಿ ಚೆಂಡನ್ನು ಒಳಕ್ಕೆ ಕಳಿಸುವುದರಲ್ಲಿ ದೊಡ್ಡ ದೊಡ್ಡವರು ಇವಳನ್ನು ನೋಡಿ ಬೆರಗಾದರು. ಬಲ ಕಡಿಮೆಯಾದವನು ಸೋತೇ ಸೋಲಬೇಕೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ.

ನಾಲ್ಕು ದಿನದ ಪಂದ್ಯ. ಅರವತ್ತು ಮಂದಿ ಆಟಗಾರ್ತಿಯರು. ಮೂರನೆಯ ದಿನ ಸಾಯಂಕಾಲ ಪಟ್ಟಿಯಲ್ಲಿ ಅದಿತಿ ಎರಡನೆಯವಳು! ಆಗ ನೋಡಿ ನಮ್ಮ ದೇಶಕ್ಕೆ ಎಚ್ಚರವಾಯಿತು. ಆಗಸ್ಟ್ 7, ಶನಿವಾರ. ಗಾಲ್ಫ್ ಎಂದರೇನೆಂದೇ ಅರಿಯದ ಲಕ್ಷಾಂತರ ಜನ ಬೆಳಗಿನ ಜಾವಕ್ಕೇ ಎದ್ದು ಟೆಲಿವಿಷನ್ ಮುಂದೆ ಕುಳಿತರು. ಕಡಿಮೆ ಹೊಡೆದವರು ಗೆದ್ದರೆಂಬುದೇ ತಿಳಿಯದೆ, ಅಂಕ ಹೆಚ್ಚಾಯಿತೆಂದು ಚಪ್ಪಾಳೆ ತಟ್ಟಿದವರೂ ಇದ್ದರಂತೆ. ಮಧ್ಯೆ ಗುಡುಗು ಮಳೆ ಬಂದು ಆಟ ನಿಂತಿತು, ಮತ್ತೆ ನಡೆಯಿತು. ಕೊನೆಯ ಗುಳಿಯ ಬಳಿ ದೂರದಿಂದ ಒಂದು ಹೊಡೆತ ಉಳಿಯಿತು. ಅದು ಬಿದ್ದರೆ ಪದಕದ ಆಸೆ. ಚೆಂಡು ಉರುಳಿತು. ಬೀಳಲಿಲ್ಲ.

ಲೆಕ್ಕ ಹೇಳುತ್ತೇವೆ ಕೇಳಿ. ಚಿನ್ನ ಗೆದ್ದ ಅಮೆರಿಕದ ನೆಲ್ಲಿ ಕೋರ್ಡಾ ನಾಲ್ಕು ದಿನದಲ್ಲಿ ಹೊಡೆದದ್ದು 267. ಬೆಳ್ಳಿ, ಕಂಚು ಪಡೆದ ಜಪಾನಿನ ಮೊನೆ ಇನಾಮಿ, ನ್ಯೂಜಿಲೆಂಡಿನ ಲಿಡಿಯಾ ಕೊ, ಇಬ್ಬರೂ 268. ನಮ್ಮ ಅದಿತಿ 269. ಒಂದೇ ಒಂದು ಹೊಡೆತ. ಅವಳು ಇನ್ನೂರಾರವತ್ತೊಂಬತ್ತು ಸಲ ಕೋಲು ಬೀಸಿದಾಗ, ಅವುಗಳಲ್ಲಿ ಯಾವುದಾದರೂ ಒಂದು ಉಳಿದಿದ್ದರೆ ಸಾಕಿತ್ತು. ಬೇರೆ ಪಂದ್ಯವಾಗಿದ್ದರೆ ನಾಲ್ಕನೆಯ ಸ್ಥಾನಕ್ಕೆ ಸಂತೋಷಪಡಬಹುದಿತ್ತು, ಮೂರೇ ಪದಕ ಇರುವ ಕಡೆ ನಾಲ್ಕನೆಯವಳಾಗುವುದು ಕಹಿ ಎಂಬರ್ಥದ ಮಾತನ್ನು ಆ ಮಗಳು ಆಮೇಲೆ ಹೇಳಿದಳು. ಸೋತವರ ಬಾಯಲ್ಲಿ ವೇದಾಂತ ಬರಲಿಲ್ಲ, ಇದ್ದುದನ್ನು ಇದ್ದ ಹಾಗೆ ಹೇಳಿದಳು. ನಮಗೆ ಅದು ಮೆಚ್ಚಿಗೆಯಾಯಿತು.

ಈಗ ಅದೇ ದಿನದ ಸಾಯಂಕಾಲಕ್ಕೆ ಬನ್ನಿ. ಹರಿಯಾಣದ ರೈತನ ಮಗ ನೀರಜ್ ಚೋಪ್ರಾ ಭರ್ಜಿಯನ್ನು 87.58 ಮೀಟರು ಎಸೆದು ಚಿನ್ನ ಗೆದ್ದ. ಭಾರತಕ್ಕೆ ಆ ಬಗೆಯ ಮೈದಾನದ ಆಟಗಳಲ್ಲಿ ಬಂದ ಮೊಟ್ಟಮೊದಲ ಒಲಿಂಪಿಕ್ ಚಿನ್ನ. ದೇಶ ಕುಣಿದಾಡಿತು, ಕುಣಿದಾಡತಕ್ಕದ್ದೇ. ಆದರೆ ಬೆಳಿಗ್ಗೆ ಕಣ್ಣೊರೆಸಿಕೊಂಡು ಎದ್ದು ಕುಳಿತಿದ್ದವರಿಗೆ ಸಂಜೆಯ ಹೊತ್ತಿಗೆ ಆ ಹುಡುಗಿಯ ನೆನಪಿತ್ತೆ? 2024ರಲ್ಲಿ ಪ್ಯಾರಿಸ್ಸಿನಲ್ಲಿ ಅವಳು ಮೂರನೆಯ ಸಲ ಒಲಿಂಪಿಕ್ ಆಡಿದಳು, ಇಪ್ಪತ್ತೊಂಬತ್ತನೆಯ ಸ್ಥಾನ ಹಂಚಿಕೊಂಡಳು. ಆಗ ಎಷ್ಟು ಮನೆಯಲ್ಲಿ ಟೆಲಿವಿಷನ್ ಹಾಕಿದ್ದರು?

ನಾಲ್ಕನೆಯವರ ಪಂಕ್ತಿ ನಮ್ಮ ದೇಶದಲ್ಲಿ ದೊಡ್ಡದು. 1960ರಲ್ಲಿ ರೋಮಿನಲ್ಲಿ ಮಿಲ್ಖಾ ಸಿಂಗ್ ನಾಲ್ಕನೆಯವರಾದರು. 1984ರಲ್ಲಿ ಲಾಸ್ ಏಂಜಲೀಸಿನಲ್ಲಿ ಪಿ. ಟಿ. ಉಷಾ ಒಂದು ಸೆಕೆಂಡನ್ನು ನೂರು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಿಂದ ಕಂಚು ಕಳೆದುಕೊಂಡರು. ಮಿಲ್ಖಾ ಅವರು ತೀರಿಕೊಂಡದ್ದು 2021ರ ಜೂನ್ ತಿಂಗಳಲ್ಲಿ, ಅದಿತಿ ನಾಲ್ಕನೆಯವಳಾಗುವುದಕ್ಕೆ ಕೆಲವೇ ವಾರ ಮೊದಲು. ಓಡಿ ಓಡಿ ಪ್ರಸಿದ್ಧರಾದ ಆ ಮಹನೀಯರ ಮಗ ಜೀವ್ ಹಿಡಿದದ್ದು ಯಾವ ಆಟ ಗೊತ್ತೆ? ಗಾಲ್ಫೇ. ಅದರಲ್ಲಿ ಹೆಸರನ್ನೂ ಮಾಡಿದರು.

ಬಂಧುಗಳೆ, ಗೆದ್ದು ಬಂದವರನ್ನು ಊರು ಬರಮಾಡಿಕೊಳ್ಳುವುದು ನಮ್ಮಲ್ಲಿ ಹಳೆಯ ಸಂಪ್ರದಾಯ. ಅದರಲ್ಲಿ ತಪ್ಪೇನೂ ಇಲ್ಲ. 1980ರ ಮಾರ್ಚ್ 23ರಂದು ಬೆಂಗಳೂರಿನ ಪ್ರಕಾಶ್ ಪಡುಕೋಣೆ ಲಂಡನ್ನಿನ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪಂದ್ಯದ ಅಂತಿಮ ಆಟದಲ್ಲಿ ಇಂಡೊನೇಷ್ಯದ ಲಿಯೆಮ್ ಸ್ವೀ ಕಿಂಗ್ ಎಂಬ ಮಹಾ ಆಟಗಾರನನ್ನು 15-3, 15-10ರಿಂದ ಸೋಲಿಸಿದರು. ಅದನ್ನು ಗೆದ್ದ ಮೊದಲ ಭಾರತೀಯ. ಊರಿಗೆ ಬಂದಾಗ ಜನ ಸಂಭ್ರಮಪಟ್ಟರು, ಹಿರಿಯರಿಗೆ ನೆನಪಿರಬಹುದು. ಆದರೆ ಆ ಹಾರ ಬೀಳುವ ಮೊದಲಿನ ವರ್ಷಗಳು ಎಲ್ಲಿ ಕಳೆದವು? ಮಲ್ಲೇಶ್ವರದ ಕೆನರಾ ಯೂನಿಯನ್ನಿನಲ್ಲಿ, ಮದುವೆ ನಡೆಯುವ ಹಾಲ್‌ನಲ್ಲಿ. ಮದುವೆಯಿದ್ದ ದಿನ ಆಟವಿಲ್ಲ. ಲಗ್ನದ ಕಾಲ ಬಂತೆಂದರೆ ಉಳಿದವರಿಗೆಲ್ಲ ಹಬ್ಬ, ಆ ಹುಡುಗನಿಗೆ ರಜ. ಅಲ್ಲಿ ಆಟ ಕಲಿಸಿದವರು ತಂದೆ ರಮೇಶ್ ಪಡುಕೋಣೆಯವರು, ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿ ದುಡಿದವರು. ಹಾರ ಹಾಕಿದ ಸಾವಿರ ಕೈಗಳಲ್ಲಿ, ಮದುವೆ ಮುಗಿದ ಹಾಲ್ ಗುಡಿಸಿ ಬಲೆ ಕಟ್ಟಿದ ಕೈ ಎಷ್ಟಿದ್ದವು?

ಇನ್ನೊಬ್ಬರ ಹೆಸರು ಹೇಳುತ್ತೇವೆ. ತಾವು ಕೇಳಿರಲಾರಿರಿ. ಮುನಿಯಪ್ಪ. ಹೆಸರು ಕೇಳಿದರೆ ನಮ್ಮ ಯಾವುದೋ ಹಟ್ಟಿಯವರ ಹಾಗೆ ಇದೆಯಲ್ಲವೆ? ಬೆಂಗಳೂರಿನ ಗಾಲ್ಫ್ ಮೈದಾನದಲ್ಲಿ ಸಾಹೇಬರುಗಳ ಚೀಲ ಹೊತ್ತುಕೊಂಡು ಹಿಂದೆ ಹಿಂದೆ ನಡೆದು ಜೀವನ ಮಾಡಿದವರು. ಹೊರುತ್ತ ಹೊರುತ್ತ ಆಟ ನೋಡಿದರು, ನೋಡುತ್ತ ಕಲಿತರು. 2009ರಲ್ಲಿ ಇಂಡಿಯನ್ ಓಪನ್ ಎಂಬ ದೇಶದ ದೊಡ್ಡ ಪಂದ್ಯವನ್ನು, ಹೊರದೇಶದ ಆಟಗಾರರೂ ಬಂದು ಆಡಿದ ಪಂದ್ಯವನ್ನು, ಗೆದ್ದುಬಿಟ್ಟರು. ಅದಾದ ಮೇಲೆ ಬಿಡದಿಯ ಕಡೆಯ ಗಾಲ್ಫ್ ಮೈದಾನದಲ್ಲಿ ಬೆಳೆದ ಚಿಕ್ಕರಂಗಪ್ಪ ಎಂಬ ಹುಡುಗನೂ ದೊಡ್ಡ ಆಟಗಾರನಾದ. ಸಾಹುಕಾರರ ಆಟವೆಂದು ಮೊದಲಿಗೆ ನಾವೇ ಹೇಳಿದೆವಲ್ಲ, ಆ ಸಾಹುಕಾರರ ಆಟದಲ್ಲಿ ಹೊರೆ ಹೊತ್ತವನ ಕೈಗೆ ಪ್ರಶಸ್ತಿ ಬಂತು. ಕಾಯಕದ ಮಾತನ್ನು ನಿತ್ಯ ಆಡುವ ನಮಗೆ ಮುನಿಯಪ್ಪನವರ ಹೆಸರು ಗೊತ್ತಿಲ್ಲ ಎನ್ನುವುದು ಸ್ವಲ್ಪ ನಾಚಿಕೆಯ ಸಂಗತಿ.

ಬರಮಾಡಿಕೊಳ್ಳುವ ಹುಚ್ಚು ಹೆಚ್ಚಾದರೆ ಏನಾಗುತ್ತದೆ ಎಂಬುದನ್ನೂ ನಾವು ಕಂಡದ್ದಾಯಿತು. 2025ರ ಜೂನ್ 3ರಂದು ಬೆಂಗಳೂರಿನ ಹೆಸರಿನ ಕ್ರಿಕೆಟ್ ತಂಡ ಹದಿನೆಂಟನೆಯ ವರ್ಷದಲ್ಲಿ ಐಪಿಎಲ್ ಗೆದ್ದಿತು. ಮರುದಿನವೇ ತಂಡ ಊರಿಗೆ ಬಂತು. ಲಕ್ಷಾಂತರ ಜನ ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತ ನೆರೆದರು. ನೂಕುನುಗ್ಗಲಿನಲ್ಲಿ ಹನ್ನೊಂದು ಮಂದಿ ಸತ್ತರು. ಹೆಚ್ಚಿನವರು ಹರೆಯದ ಮಕ್ಕಳು. ಬೆಳಿಗ್ಗೆ ಅಮ್ಮಾ ಹೋಗಿ ಬರುತ್ತೇನೆ ಎಂದು ಹೋದವರು. ಯಾರ ತಪ್ಪು ಎಷ್ಟು ಎಂಬುದನ್ನು ಕೋರ್ಟು ಕಚೇರಿಗಳು ನೋಡಿಕೊಳ್ಳಲಿ. ನಾವು ಕೇಳುವುದು ಬೇರೆ. ಆ ಮಕ್ಕಳಲ್ಲಿ ಎಷ್ಟು ಮಂದಿಗೆ ತಮ್ಮ ಊರಿನಲ್ಲಿ ಆಡುವುದಕ್ಕೆ ಒಂದು ಬಯಲಿತ್ತು? ಎಷ್ಟು ಮಂದಿಗೆ ಯಾರಾದರೂ ಹಿರಿಯರು ಸಂಜೆ ಬಂದು, ಆಡು ಮಗಾ ನೋಡೋಣ ಎಂದಿದ್ದರು? ತಾನು ಆಡುವ ಭಾಗ್ಯವಿಲ್ಲದವನು ಆಡಿದವರನ್ನು ನೋಡಿ ಮುಟ್ಟಿ ಬರಬೇಕೆಂದು ಹಂಬಲಿಸುತ್ತಾನೆ. ಆ ಹಂಬಲವನ್ನು ನಾವು ಬೈಯಲಾರೆವು. ಅದನ್ನು ಒಯ್ದು ಬಾಗಿಲಿಗೆ ನೂಕಿಕೊಳ್ಳಲು ಬಿಟ್ಟವರ ಮೇಲೆ ನಮಗೆ ಸಿಟ್ಟಿದೆ, ಆ ಹಿರಿಯರಲ್ಲಿ ನಮ್ಮೂರ ನಿಮ್ಮೂರ ಹಿರಿಯರೂ ಸೇರಿದ್ದಾರೆ.

ಬಂಡೂರಿನವರಿಗೆ ಇದನ್ನು ತಿಳಿಯುವುದು ಕಷ್ಟವಲ್ಲ. ಬಂಡೂರು ಕುರಿ ಎಂದರೆ ರಾಜ್ಯಕ್ಕೆಲ್ಲ ಗೊತ್ತು. ಬನ್ನೂರು ಕುರಿ, ಮಂಡ್ಯದ ಕುರಿ ಎಂದೂ ಕರೆಯುತ್ತಾರೆ. ಗಿಡ್ಡ ಕಾಲು, ತುಂಬಿದ ಮೈ. ಅದರ ಮಾಂಸದ ಮಾತು ನಮ್ಮದಲ್ಲ, ತಳಿಯ ಮಾತಷ್ಟೆ. ಒಂದು ಒಳ್ಳೆಯ ಟಗರು ಲಕ್ಷ ದಾಟಿದ ಬೆಲೆಗೆ ಹೋಯಿತೆಂದು ಪತ್ರಿಕೆಯಲ್ಲಿ ಬಂದರೆ ಇಡೀ ತಾಲ್ಲೂಕಿನವರು ಎದೆ ಉಬ್ಬಿಸುತ್ತಾರೆ, ನಮ್ಮ ಬಂಡೂರು ಎನ್ನುತ್ತಾರೆ. ಒಪ್ಪಿದೆವು. ಆದರೆ ಹೆಸರು ದೊಡ್ಡದಾಗುತ್ತ ಬಂದಂತೆ ಅಪ್ಪಟ ತಳಿ ಕಡಿಮೆಯಾಗುತ್ತ ಬಂದಿದೆ ಎಂಬುದನ್ನು ನಿಮ್ಮಲ್ಲಿ ಸಾಕುವವರೇ ಹೇಳುತ್ತಾರೆ. ಬೇರೆ ಕುರಿ ಬೆರೆತುಹೋಗಿದೆ. ಮಳೆಯಲ್ಲಿ ರೊಪ್ಪ ಸೋರದ ಹಾಗೆ ನೋಡಿಕೊಂಡು, ಮರಿ ಹಾಕುವ ರಾತ್ರಿ ಎದ್ದು ಕುಳಿತು, ಟಗರನ್ನು ಆರಿಸಿ ಇಟ್ಟುಕೊಂಡು ತಳಿ ಉಳಿಸಿದ ಮನೆಗಳು ಕೆಲವೇ. ಹೆಸರಿನಿಂದ ಬೀಗುವವರು ಸಾವಿರ, ಸಾಕುವವರು ಬೆರಳೆಣಿಕೆ. ಆಟದಲ್ಲೂ ಇದೇ ಲೆಕ್ಕ.

ಮಕ್ಕಳಿಗೆ ಅರ್ಥವಾಗುವ ಹತ್ತಿರದ ಸಂಗತಿ ಒಂದಿದೆ. ಪಕ್ಕದ ತಿ. ನರಸೀಪುರ ತಾಲ್ಲೂಕಿನ ಕುರುಬೂರು ನಿಮಗೆ ಗೊತ್ತು. ಅಲ್ಲಿನ ಹೆಣ್ಣು ಮಗಳು ಚೈತ್ರಾ, ರೈತರ ಮನೆಯವಳು. 2025ರ ಜನವರಿ 19ರಂದು ದೆಹಲಿಯಲ್ಲಿ ಖೋ ಖೋ ಆಟದ ಮೊದಲ ವಿಶ್ವಕಪ್ಪಿನಲ್ಲಿ ಭಾರತದ ಹೆಣ್ಣುಮಕ್ಕಳು ನೇಪಾಳವನ್ನು 78-40ರಿಂದ ಸೋಲಿಸಿದರು. ಆ ಪಂದ್ಯದ ಶ್ರೇಷ್ಠ ಆಟಗಾರ್ತಿ ನಮ್ಮ ಚೈತ್ರಾ. ಅದೇ ದಿನ ಗೆದ್ದ ಗಂಡುಮಕ್ಕಳ ತಂಡದಲ್ಲಿ ನಮ್ಮ ಮಂಡ್ಯದ ಗೌತಮ್ ಇದ್ದ. ಊರಿಗೆ ಬಂದರು, ಹಾರ ಹಾಕಿದರು. ಸರ್ಕಾರ ಐದೈದು ಲಕ್ಷ ಘೋಷಿಸಿತು. ಇಬ್ಬರೂ ಅದನ್ನು ಬೇಡವೆಂದರು. ಮಹಾರಾಷ್ಟ್ರದವರು ತಮ್ಮ ಆಟಗಾರರಿಗೆ ಕೋಟಿಯ ಲೆಕ್ಕದಲ್ಲಿ ಹಣ, ಮೇಲೆ ಸರ್ಕಾರಿ ಕೆಲಸ ಕೊಡುತ್ತಿರುವಾಗ ನಮಗೇಕೆ ಹೀಗೆ ಎಂದು ಕೇಳಿದರು. ಕೆಲವರು, ಈ ಮಕ್ಕಳಿಗೆ ದುರಾಸೆ ಎಂದರು. ನಾವು ಹಾಗೆ ಹೇಳುವುದಿಲ್ಲ. ಗಾಲ್ಫ್ ಆಡಿದವನಿಗೆ ಪಂದ್ಯದಲ್ಲೇ ಹಣವಿದೆ, ಕ್ರಿಕೆಟ್ಟಿನವನಿಗೆ ಹೇಳುವುದೇ ಬೇಡ. ಮಣ್ಣಿನಲ್ಲಿ ಮಂಡಿ ತರಚಿಕೊಂಡು ಖೋ ಖೋ ಆಡಿದವಳಿಗೆ ಮೂವತ್ತು ವರ್ಷವಾದ ಮೇಲೆ ಏನಿದೆ? ನೌಕರಿ ಕೇಳಿದರೆ ಅದು ನ್ಯಾಯವಾದ ಕೇಳಿಕೆ.

ತಾಯಂದಿರೆ, ಈಗ ನಿಮ್ಮ ಕಡೆ ತಿರುಗಿ ಒಂದು ಮಾತು. ಒಂದು ಊರು, ಹೆಸರು ಹೇಳುವುದಿಲ್ಲ, ಈ ಸೀಮೆಯದೇ. ಅಲ್ಲಿ ನಮಗೆ ಪಾದಪೂಜೆಯಾದ ಮೇಲೆ ಶಾಲೆಯ ಹುಡುಗಿಯರ ಆಟ ತೋರಿಸಿದರು. ಒಂದು ಹುಡುಗಿ ಗಾಳಿಯಂತೆ ಓಡುತ್ತಿತ್ತು. ಮುಂದಿನ ವರ್ಷ ಅದೇ ಊರಿಗೆ ಹೋದೆವು. ಆ ಮಗು ಅಂಗಳದ ಮೂಲೆಯಲ್ಲಿ ನಿಂತು ಬ್ಯಾರೆ ಮಕ್ಕಳ ಆಟ ನೋಡುತ್ತಿತ್ತು. ಏಕಮ್ಮಾ ಎಂದೆವು. ಮಾತಾಡಲಿಲ್ಲ. ಅಜ್ಜಿ ಮುಂದೆ ಬಂದು, ದೊಡ್ಡವಳಾದಳು ಬುದ್ಧಿ, ಇನ್ನು ಚಡ್ಡಿ ಹಾಕಿಕೊಂಡು ಓಡಿದರೆ ಜನ ಏನಂತಾರೆ ಎಂದರು. ಅಜ್ಜಿಯದು ಕೆಟ್ಟ ಮನಸ್ಸಲ್ಲ. ಆ ಮೊಮ್ಮಗಳನ್ನು ಎದೆಯ ಮೇಲೆ ಹಾಕಿಕೊಂಡು ಬೆಳೆಸಿದವರು. ಅದೇ ಅಜ್ಜಿಯ ಮನೆಯ ಗೋಡೆಯಲ್ಲಿ ಪದಕ ಗೆದ್ದ ಹೆಣ್ಣುಮಗಳೊಬ್ಬಳ ಚಿತ್ರವಿರುವ ಕ್ಯಾಲೆಂಡರು ತೂಗುತ್ತಿತ್ತು. ಬೇರೆಯವರ ಮನೆಯ ಮಗಳು ಓಡಿದರೆ ದೇಶದ ಕೀರ್ತಿ, ನಮ್ಮ ಮನೆಯ ಮಗಳು ಓಡಿದರೆ ಜನ ಏನಂತಾರೆ! ಟೋಕಿಯೊದ ಬಿಸಿಲಿನಲ್ಲಿ ನಾಲ್ಕು ದಿನ ಮಗಳ ಕೋಲಿನ ಚೀಲ ಹೊತ್ತು ನಡೆದವರೂ ನಿಮ್ಮ ಹಾಗೆಯೇ ಒಬ್ಬ ತಾಯಿ. ಆ ಮಗಳು ಪದಕ ತರಲಿಲ್ಲ. ಕೊನೆಯ ಚೆಂಡು ಗುಳಿಯ ಪಕ್ಕ ನಿಂತಾಗ ಆ ತಾಯಿ ಚೀಲ ಎಸೆದು ಹೋಗಲಿಲ್ಲ, ಎತ್ತಿಕೊಂಡೇ ಹೊರಟರು.

ಎರಡು ವರ್ಷದ ಮೇಲೆ, 2023ರ ಅಕ್ಟೋಬರ್ 1ರಂದು, ಚೀನಾದ ಹಾಂಗ್‌ಝೌ ನಗರದ ಏಷ್ಯನ್ ಆಟಗಳಲ್ಲಿ ಅದಿತಿ ಬೆಳ್ಳಿ ಗೆದ್ದಳು. ಗಾಲ್ಫಿನಲ್ಲಿ ಏಷ್ಯನ್ ಪದಕ ತಂದ ಭಾರತದ ಮೊದಲ ಹೆಣ್ಣು. ಅಲ್ಲಿಯೂ ಕೊನೆಯ ದಿನ ಏಳು ಹೊಡೆತ ಮುಂದಿದ್ದವಳು ಎಡವಿ ಚಿನ್ನ ಕಳೆದುಕೊಂಡಳು, ಥಾಯ್ಲೆಂಡಿನ ಹುಡುಗಿ ಗೆದ್ದಳು. ಆಟ ಎಂದರೆ ಹಾಗೆಯೇ, ಏರುಪೇರು. ಗೆದ್ದ ದಿನ ಮಾತ್ರ ನಮ್ಮವಳು ಎನ್ನುವವರಿಗೆ ಅಂಥ ದಿನ ತುಂಬ ಬೇಸರವಾಗುತ್ತದೆ, ಪತ್ರಿಕೆಯ ಪುಟ ತಿರುವಿಬಿಡುತ್ತಾರೆ. ಚೀಲ ಹೊತ್ತವರಿಗೆ ಮಾತ್ರ ಪುಟ ತಿರುವುವುದಕ್ಕೆ ಬರುವುದಿಲ್ಲ.

ಬಹಳ ಹೊತ್ತಾಯಿತು, ಪ್ರಸಾದದ ವೇಳೆಯೂ ಆಯಿತು. ಒಂದು ಕೇಳಿಕೆಯಿದೆ. ನಾವು ಯಾವ ಊರಿಗೆ ಹೋದರೂ ಗಾಡಿಗಟ್ಟಲೆ ಹಾರ, ಶಾಲು, ಹಣ್ಣಿನ ಬುಟ್ಟಿ ತರುತ್ತೀರಿ. ಈ ಹೊತ್ತೂ ವೇದಿಕೆಯ ಮೇಲೆ ಕಾಲಿಡಲು ಜಾಗವಿಲ್ಲ. ಮುಂದಿನ ಸಲ ನಮಗೆ ಹಾರ ಬೇಡ. ಆ ಹಣದಲ್ಲಿ ಮಕ್ಕಳಿಗೆ ಖೋ ಖೋ ಕಂಬ ಎರಡು, ಹೆಣ್ಣುಮಕ್ಕಳಿಗೆ ಮೈ ತುಂಬ ಮುಚ್ಚುವ ಆಟದ ಬಟ್ಟೆ, ಮಂಡಿ ತರಚಿದರೆ ಹಚ್ಚುವುದಕ್ಕೆ ಔಷಧಿಯ ಒಂದು ಪೆಟ್ಟಿಗೆ, ಇಷ್ಟು ತನ್ನಿ. ಕಂಬ ನೆಡುವ ಕೆಲಸ ಊರಿನ ಹುಡುಗರದು. ಅಜ್ಜಿಯರೆಲ್ಲ ಬಂದು ಮುಂದಿನ ಸಾಲಿನಲ್ಲಿ ಕುಳಿತು ಆಟ ನೋಡಬೇಕು. ಈಗ ಸಂಜೆ ಐದು ಗಂಟೆಗೆ ಮಕ್ಕಳು ಆಡುತ್ತಾರಂತೆ. ನಾವೂ ಅಲ್ಲೇ ಇರುತ್ತೇವೆ. ಒಂದು ಕುರ್ಚಿ ಸಾಕು, ಪೆಂಡಾಲು ಬೇಡ.